ಈ ಕೋಡ್ ಬರೆದವರು ಇವರೇನಾ?

ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುವ ಮಕ್ಕಳ ರೆಸ್ಯೂಮೆ ತೆರೆದು ನೋಡಿ. ಮೊಬೈಲ್ ನಂಬರಿನ ಕೆಳಗೇ ಒಂದು ಗಿಟ್‌ಹಬ್ ಕೊಂಡಿ ಇರುತ್ತದೆ. ಎನ್‌ಐಇ ಇರಲಿ, ಎಸ್‌ಜೆಸಿಇ ಇರಲಿ, ವಿದ್ಯಾವರ್ಧಕ ಇರಲಿ, ಪ್ಲೇಸ್‌ಮೆಂಟ್ ಹೊತ್ತಿಗೆ ಅದೊಂದು ಇರಲೇಬೇಕು ಎಂಬ ಮಾತು ಹಬ್ಬಿದೆ. ಹೆಬ್ಬಾಳದ ಸಣ್ಣ ಸಾಫ್ಟ್‌ವೇರ್ ಕಂಪನಿಯವರು ಆ ಕೊಂಡಿ ಒತ್ತುತ್ತಾರೆ. ಅಂಗಡಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಸಲು ಹೊರಟ ದೇವರಾಜ ಅರಸು ರಸ್ತೆಯ ವ್ಯಾಪಾರಿಯೂ, ಯಾರೋ ಹೇಳಿಕೊಟ್ಟರೆಂದು, ಒತ್ತುತ್ತಾರೆ. ಕಾಣುವುದು ಕೆಲಸ ಮಾಡಿದ ದಿನಗಳನ್ನು ಗುರುತಿಸುವ, ವರ್ಷವಿಡೀ ಹರಡಿಕೊಂಡ ಹಸಿರು ಚೌಕಗಳು, ಹತ್ತಿಪ್ಪತ್ತು ಯೋಜನೆಗಳ ಹೆಸರು, ಮೆಚ್ಚಿದವರು ಒತ್ತಿದ ಒಂದಷ್ಟು ನಕ್ಷತ್ರ. ಅಷ್ಟಕ್ಕೇ ನಂಬಿಕೆ ಬಂದುಬಿಡುತ್ತದೆ. ಕೆಲಸ ಕೊಡುತ್ತಾರೆ, ಮುಂಗಡ ಕೊಡುತ್ತಾರೆ, ಕೆಲವರು ಸರ್ವರ್‌ನ ಪಾಸ್‌ವರ್ಡನ್ನೂ ಕೊಟ್ಟುಬಿಡುತ್ತಾರೆ.

ಆ ಹಸಿರು ಚೌಕಗಳನ್ನು ಒಂದೇ ಸಂಜೆಯಲ್ಲಿ ತಯಾರಿಸಿಕೊಳ್ಳಬಹುದು. ಹಾಗೆಂದು ಗಿಟ್‌ಹಬ್ ಖಾತೆಗೆ ಬೆಲೆಯೇ ಇಲ್ಲವೆಂದಲ್ಲ. ಸಾರ್ವಜನಿಕವಾಗಿ ಕೋಡ್ ಬರೆದವರ ಹೆಜ್ಜೆಗುರುತು ಅಂಕಪಟ್ಟಿಗಿಂತಲೂ ಹೆಚ್ಚು ಹೇಳಬಲ್ಲದು, ಆದರೆ ಎಲ್ಲಿ ನೋಡಬೇಕೆಂದು ಗೊತ್ತಿರಬೇಕು. ಈ ಲೇಖನ ಅದಕ್ಕಾಗಿ. ಕೆಲಸ ಕೊಡುವವರಿಗೂ, ನಿಜವಾಗಿ ಕೆಲಸ ಮಾಡಿಯೂ ಅದನ್ನು ತೋರಿಸಲು ಬಾರದೆ ಹಿಂದೆ ಉಳಿಯುವ ಹುಡುಗ ಹುಡುಗಿಯರಿಗೂ.

ಮೊದಲು ಎರಡು ಮಾತು ಹಿನ್ನೆಲೆ. ಗಿಟ್ ಎಂಬುದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆದ ತಂತ್ರಾಂಶ. ಒಂದು ಯೋಜನೆಯ ಕಡತಗಳಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಅದು ಸಾಲಾಗಿ ದಾಖಲಿಸುತ್ತ ಹೋಗುತ್ತದೆ. ಒಂದೊಂದು ದಾಖಲೆಗೂ ಕಮಿಟ್ ಎಂದು ಹೆಸರು. ಈ ದಾಖಲೆಗಳನ್ನು ಅಂತರಜಾಲದಲ್ಲಿ ಇಡಲು ಜಾಗ ಕೊಡುವ ತಾಣ ಗಿಟ್‌ಹಬ್. 2008ರಲ್ಲಿ ಶುರುವಾಗಿ 2018ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಗಿಟ್‌ಲ್ಯಾಬ್, ಕೋಡ್‌ಬರ್ಗ್ ಮುಂತಾದ ತಾಣಗಳೂ ಇವೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಅವಕ್ಕೂ ಹೊಂದುತ್ತದೆ.

ಒಂದು ಖಾತೆಯನ್ನು ನೋಡುವಾಗ ನಾವು ಮೂರು ಪ್ರಶ್ನೆಗಳನ್ನು ಕಲಸಿಬಿಡುತ್ತೇವೆ. ಈ ಕೆಲಸ ನಿಜಕ್ಕೂ ಈ ಖಾತೆಯವರು ಮಾಡಿದ್ದೇ? ಈ ಖಾತೆ ಈಗ ನನ್ನೊಡನೆ ಮಾತಾಡುತ್ತಿರುವವರ ಕೈಯಲ್ಲೇ ಇದೆಯೇ? ಮಾತಾಡುತ್ತಿರುವವರು ತಾವು ಹೇಳುವ ಹೆಸರಿನವರೇ? ಆಧಾರ್ ಕಾರ್ಡು ಮೂರನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಆಧಾರ್ ನೋಡಿ, ಹೆಸರು ಹೊಂದಿತೆಂದು ಗಿಟ್‌ಹಬ್ ಖಾತೆಯೂ ಅವರದೇ ಎಂದುಕೊಂಡರೆ ಉಳಿದೆರಡು ಪ್ರಶ್ನೆ ಹಾಗೇ ಉಳಿಯುತ್ತವೆ. ಒಂದೇ ಹೆಸರಿನವರು ಮೈಸೂರಿನಲ್ಲೇ ಎಷ್ಟು ಜನ ಇಲ್ಲ!

ಹೆಸರು ಯಾರು ಬೇಕಾದರೂ ಬರೆದುಕೊಳ್ಳಬಹುದು

ಗಿಟ್ ಬಳಸಲು ಶುರುಮಾಡುವಾಗ ನಿಮ್ಮ ಹೆಸರು, ಇ-ಮೇಲ್ ಏನೆಂದು ನೀವೇ ಅದಕ್ಕೆ ಹೇಳುತ್ತೀರಿ. ಅದು ನಿಜವೇ ಎಂದು ಗಿಟ್ ವಿಚಾರಿಸುವುದಿಲ್ಲ. ನಾನು ನನ್ನ ಕಂಪ್ಯೂಟರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂದು ಹೆಸರಿಟ್ಟು, ಅವರು ಎಲ್ಲರಿಗೂ ಕಾಣುವಂತೆ ಬಳಸುವ ಇ-ಮೇಲ್ ಹಾಕಿ ಒಂದು ಕಮಿಟ್ ಮಾಡಿ ಗಿಟ್‌ಹಬ್‌ಗೆ ಏರಿಸಿದರೆ, ಆ ಯೋಜನೆಯ ಪುಟದಲ್ಲಿ ಅವರ ಹೆಸರೂ ಫೋಟೊವೂ ಬಂದು ಕೂರುತ್ತವೆ. ಗಿಟ್‌ಹಬ್ ಕಮಿಟ್‌ಗೂ ಖಾತೆಗೂ ಗಂಟು ಹಾಕುವುದು ಇ-ಮೇಲ್ ನೋಡಿ. ಇದು ಎಷ್ಟೋ ವರ್ಷಗಳಿಂದ ಎಲ್ಲರಿಗೂ ತಿಳಿದಿರುವ ಸಂಗತಿ, ಆದರೂ ‘ದೊಡ್ಡವರು ನನ್ನ ಯೋಜನೆಗೆ ಕೈಜೋಡಿಸಿದ್ದಾರೆ’ ಎಂಬ ಪುಟ ನೋಡಿ ಮರುಳಾಗುವವರು ಈಗಲೂ ಇದ್ದಾರೆ.

ತಾರೀಖೂ ಹಾಗೆಯೇ. ಕಮಿಟ್ ಮಾಡುವಾಗ ಬೇಕಾದ ದಿನಾಂಕ ಕೊಡಬಹುದು, ಹಿಂದಿನ ವರ್ಷದ್ದೂ ಆದೀತು. ಹಸಿರು ಚೌಕಗಳಲ್ಲಿ ಅಕ್ಷರ, ಚಿತ್ರ ಮೂಡಿಸುವ ಪುಟ್ಟ ತಂತ್ರಾಂಶಗಳು ಗಿಟ್‌ಹಬ್‌ನಲ್ಲೇ ಸಿಗುತ್ತವೆ. ನಕ್ಷತ್ರಗಳ ಮಾತಂತೂ ಬೇಡ, ಅವು ದುಡ್ಡಿಗೆ ಸಿಗುತ್ತವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಸೇರಿದಂತೆ ಕೆಲವು ಸಂಶೋಧಕರು 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಮಾನಾಸ್ಪದ ನಕ್ಷತ್ರಗಳ ಲೆಕ್ಕ ಸುಮಾರು 45 ಲಕ್ಷ.

ಹಾಗಾದರೆ ಕಮಿಟ್‌ನಲ್ಲಿ ನೋಡಲು ಏನೂ ಇಲ್ಲವೇ? ಇದೆ. ಗಿಟ್‌ಹಬ್‌ನಲ್ಲಿ ಯಾವುದಾದರೂ ಒಂದು ಕಮಿಟ್ ತೆರೆಯಿರಿ. ಬ್ರೌಸರಿನ ವಿಳಾಸಪಟ್ಟಿಯಲ್ಲಿರುವ ವಿಳಾಸದ ತುದಿಗೆ ಒಂದು ಚುಕ್ಕಿ ಹಾಕಿ, ಇಂಗ್ಲಿಷಿನಲ್ಲಿ ‘ಪ್ಯಾಚ್’ ಎಂದು ಬರೆದು ಎಂಟರ್ ಒತ್ತಿ. ಬಣ್ಣ, ಫೋಟೊ ಎಲ್ಲ ಹೋಗಿ ಬರೀ ಅಕ್ಷರಗಳ ಪುಟ ಬರುತ್ತದೆ. ಮೇಲಿನ ಸಾಲುಗಳಲ್ಲಿ ಬರೆದವರ ಹೆಸರು ಮತ್ತು ಇ-ಮೇಲ್, ಅದರ ಕೆಳಗೆ ದಿನ ಮತ್ತು ವೇಳೆ, ವೇಳೆಯ ಪಕ್ಕದಲ್ಲಿ +0530 ಎಂಬಂಥ ಒಂದು ಸಂಖ್ಯೆ. ಅದು ಕಮಿಟ್ ಮಾಡಿದ ಕಂಪ್ಯೂಟರಿನ ಸಮಯವಲಯ. +0530 ಎಂದರೆ ಭಾರತದ ಗಡಿಯಾರ. ಎರಡು ವರ್ಷ ಮೈಸೂರಿನಲ್ಲೇ ಕೂತು ಬರೆದೆ ಎನ್ನುವವರ ಎಲ್ಲ ಕಮಿಟ್‌ಗಳೂ ಬೇರೆ ದೇಶದ ಗಡಿಯಾರದಲ್ಲಿದ್ದರೆ, ಅಥವಾ ಒಂದೊಂದು ಕಮಿಟ್‌ಗೂ ಒಂದೊಂದು ಇ-ಮೇಲ್ ಇದ್ದರೆ, ಕೇಳಬೇಕಾದ ಪ್ರಶ್ನೆ ಅದೇ. ಪ್ರಶ್ನೆ ಅಂದೆ, ತೀರ್ಪು ಅನ್ನಲಿಲ್ಲ. ಕ್ಲೌಡ್ ಕಂಪ್ಯೂಟರಿನಲ್ಲಿ ಬರೆದರೆ ಸಾಮಾನ್ಯವಾಗಿ +0000 ಬರುತ್ತದೆ. ಕಾಲೇಜು ಬಿಟ್ಟಮೇಲೆ ಇ-ಮೇಲ್ ಬದಲಾಗುವುದು ಸಹಜ. ಒಳ್ಳೆಯ ಉತ್ತರ ಇರುವವರಿಗೆ ಉತ್ತರ ಕೊಡುವ ಅವಕಾಶ ಸಿಗಬೇಕು.

ಇನ್ನೊಂದು, ಯೋಜನೆ ಹುಟ್ಟಿದ ರೀತಿ. ಹೆಸರಿನ ಕೆಳಗೆ ‘ಫೋರ್ಕ್ಡ್ ಫ್ರಮ್’ ಎಂದಿದ್ದರೆ ಅದು ಬೇರೆಯವರ ಯೋಜನೆಯ ಪ್ರತಿ. ಅದರಲ್ಲಿ ತಪ್ಪೇನಿಲ್ಲ, ತನ್ನದೆಂದು ತೋರಿಸಿದರೆ ತಪ್ಪು. ಅದಕ್ಕಿಂತ ಚಾಲಾಕಿನದು, ಯಾರದೋ ಕೋಡನ್ನು ಇಳಿಸಿಕೊಂಡು, ಹಳೆಯ ದಾಖಲೆ ಅಳಿಸಿ, ಹೊಸದಾಗಿ ಒಂದೇ ಕಮಿಟ್‌ನಲ್ಲಿ ಏರಿಸುವುದು. ಐವತ್ತು ಕಡತಗಳ ಆಸ್ಪತ್ರೆ ನಿರ್ವಹಣಾ ತಂತ್ರಾಂಶ ಒಂದೇ ಮಧ್ಯಾಹ್ನ ಹುಟ್ಟಿ, ಆಮೇಲೆ ಒಂದು ಸಾಲೂ ಬದಲಾಗಿಲ್ಲವೆಂದರೆ ಅನುಮಾನ ಪಡಿ. ಪತ್ತೆ ಹಚ್ಚುವುದು ಕಷ್ಟವಲ್ಲ. ಕೋಡಿನೊಳಗೆ ವಿಚಿತ್ರವಾದ ಒಂದು ವಾಕ್ಯ ಹುಡುಕಿ. ಕಾಗುಣಿತ ತಪ್ಪಿರುವ ಎರರ್ ಸಂದೇಶ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗಿಟ್‌ಹಬ್‌ನ ಹುಡುಕುಪೆಟ್ಟಿಗೆಯಲ್ಲಿ ಹಾಕಿ. ಅದೇ ತಪ್ಪು, ಅದೇ ವಾಕ್ಯ, ನಾಲ್ಕು ವರ್ಷ ಹಳೆಯ ಇನ್ನೊಂದು ಖಾತೆಯಲ್ಲಿ ಸಿಕ್ಕರೆ ಮೂಲ ಯಾವುದೆಂದು ಗೊತ್ತಾಗುತ್ತದೆ. ಕಾಪಿ ಹೊಡೆಯುವವರು ಹೆಸರು ಬದಲಿಸುತ್ತಾರೆ, ಕಾಗುಣಿತ ತಿದ್ದುವುದಿಲ್ಲ.

ಬೇರೆಯವರ ಕೈಯಲ್ಲಿರುವ ದಾಖಲೆ

ಮೇಲೆ ಹೇಳಿದ್ದೆಲ್ಲ ಒಬ್ಬರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು ಪರೀಕ್ಷಿಸುವುದಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ಹತ್ತುಪಟ್ಟು ತೂಕದ್ದು ಬೇರೆಯವರ ಯೋಜನೆಗಳಲ್ಲಿ ಉಳಿದಿರುವ ಗುರುತು. ಅದನ್ನು ತಾನೊಬ್ಬನೇ ಕೂತು ಸೃಷ್ಟಿಸಲು ಆಗುವುದಿಲ್ಲ.

ಬೇರೆಯವರ ಯೋಜನೆಯಲ್ಲಿ ನೀವೊಂದು ದೋಷ ಕಂಡು ತಿಳಿಸಿದರೆ ಅದು ಇಶ್ಯೂ. ತಿದ್ದುಪಡಿ ಬರೆದು ‘ಇದನ್ನು ಸೇರಿಸಿಕೊಳ್ಳಿ’ ಎಂದು ಕಳಿಸಿದರೆ ಅದು ಪುಲ್ ರಿಕ್ವೆಸ್ಟ್. ಇವೆರಡರ ತಾರೀಖನ್ನು ಬರೆಯುವುದು ಗಿಟ್‌ಹಬ್‌ನ ಸರ್ವರ್, ನಿಮ್ಮ ಕಂಪ್ಯೂಟರಲ್ಲ. ಹಿಂದಿನ ದಿನಾಂಕ ಹಾಕಲು ಬರುವುದಿಲ್ಲ. ಅದರ ಕೆಳಗೆ ನಡೆಯುವ ಮಾತುಕತೆ ಯೋಜನೆಯವರ ಅಂಗಳದಲ್ಲಿರುತ್ತದೆ.

ಅಭ್ಯರ್ಥಿಯ ಖಾತೆಯ ಹೆಸರನ್ನು ಹುಡುಕುಪೆಟ್ಟಿಗೆಯಲ್ಲಿ ಹಾಕಿ, ಅವರು ಬೇರೆಯವರಿಗೆ ಕಳಿಸಿ ಸೇರ್ಪಡೆಯಾದ ಪುಲ್ ರಿಕ್ವೆಸ್ಟ್‌ಗಳಲ್ಲಿ ಮೂರನ್ನು ಪೂರ್ತಿ ಓದಿ. ಮೂರು ಸಾಕು. ಓದುವಾಗ ಒಂದು ಸಂಗತಿ ಗಮನಿಸಿ: ಯೋಜನೆಯವರು ಆಕ್ಷೇಪ ಎತ್ತಿದಾಗ ಇವರು ಏನು ಮಾಡಿದರು? ‘ಕನ್ನಡ ಒತ್ತಕ್ಷರ ಬಂದಾಗ ನಿಮ್ಮ ತಿದ್ದುಪಡಿ ಮುರಿಯುತ್ತದಲ್ಲ’ ಎಂದು ಅವರು ಕೇಳಿದರೆಂದುಕೊಳ್ಳಿ. ಇವರು ಎರಡು ದಿನ ಬಿಟ್ಟು, ಹೌದು, ‘ಕ್ಷ’ ಮತ್ತು ‘ರ್ಕ’ ಪರೀಕ್ಷಿಸಿರಲಿಲ್ಲ, ಈಗ ಸೇರಿಸಿದ್ದೇನೆ ಎಂದು ಉತ್ತರಿಸಿ ಎರಡನೆಯ ಕಮಿಟ್ ಕಳಿಸಿದ್ದರೆ, ನಿಮಗೆ ಬೇಕಾದ್ದೆಲ್ಲ ಆ ಒಂದು ವಿನಿಮಯದಲ್ಲಿದೆ. ಕೋಡ್ ಗೊತ್ತಿದೆ, ತಪ್ಪು ಒಪ್ಪಿಕೊಳ್ಳುತ್ತಾರೆ, ಕೆಲಸ ನಡುವೆ ಬಿಟ್ಟು ಹೋಗುವುದಿಲ್ಲ. ಇಂಥದ್ದೊಂದು ಇದ್ದರೆ ಆ ಖಾತೆಯಲ್ಲಿ ಹಸಿರು ಚೌಕ ನಾಲ್ಕೇ ಇದ್ದರೂ ನಾನು ಅವರನ್ನು ಕರೆದು ಮಾತಾಡಿಸುತ್ತೇನೆ.

ಪುಲ್ ರಿಕ್ವೆಸ್ಟನ್ನು ಸೇರಿಸಿಕೊಂಡವರು ಯಾರೆಂದೂ ನೋಡಿ. ತನ್ನ ಯೋಜನೆಗೆ ತಾನೇ ಕಳಿಸಿ ತಾನೇ ಸೇರಿಸಿಕೊಂಡದ್ದಕ್ಕೆ ಸಾಕ್ಷಿಯ ಬೆಲೆ ಇಲ್ಲ. ನಾಲ್ಕು ಗೆಳೆಯರು ಸೇರಿ ಒಬ್ಬರದನ್ನೊಬ್ಬರು ಸೇರಿಸಿಕೊಂಡದ್ದೂ ಇರಬಹುದು. ಆ ನಾಲ್ಕು ಖಾತೆಗಳಿಗೂ ಹೊರಗಿನ ಯಾರೊಬ್ಬರ ನಂಟೂ ಇಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತದೆ.

ಸಹಿ ಏನು ಹೇಳುತ್ತದೆ

ಕೆಲವು ಕಮಿಟ್‌ಗಳ ಪಕ್ಕ ಹಸಿರು ಬಣ್ಣದಲ್ಲಿ ‘ವೆರಿಫೈಡ್’ ಎಂದು ಬರೆದಿರುತ್ತದೆ. ಕಮಿಟ್‌ಗೆ ಡಿಜಿಟಲ್ ಸಹಿ ಹಾಕಿದಾಗ ಬರುವ ಗುರುತು ಅದು. ಜಿಪಿಜಿ ಕೀಲಿಯಿಂದ ಹಾಕಿದ ಸಹಿಯನ್ನು ಗಿಟ್‌ಹಬ್ 2016ರಿಂದ ತೋರಿಸುತ್ತಿದೆ. 2022ರಿಂದ, ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಯಿಂದಲೂ ಸಹಿ ಹಾಕಬಹುದು. ಕೀಲಿಯ ಗುಟ್ಟಿನ ಭಾಗ ಬರೆದವರ ಕಂಪ್ಯೂಟರಿನಲ್ಲಿರುತ್ತದೆ, ಬಹಿರಂಗ ಭಾಗ ಖಾತೆಯಲ್ಲಿರುತ್ತದೆ. ಎರಡೂ ಹೊಂದಿದರೆ ಮಾತ್ರ ಗುರುತು ಬೀಳುತ್ತದೆ. ಗಿಟ್‌ಹಬ್ ಜಾಲತಾಣದಲ್ಲೇ ಕಡತ ತಿದ್ದಿದರೆ ಗಿಟ್‌ಹಬ್ ತನ್ನ ಕೀಲಿಯಿಂದ ಸಹಿ ಹಾಕುತ್ತದೆ. ಖಾತೆಗೆ ಲಾಗಿನ್ ಆದವರು ಮಾಡಿದ್ದು ಎಂಬುದಕ್ಕೆ ಅದೂ ಸಾಕ್ಷಿಯೇ.

ಈ ಸಹಿಯನ್ನು ಆಧಾರ್ ಥರ ತಿಳಿಯಬಾರದು, ಅದು ಮತದಾನದ ಶಾಯಿಯ ಥರ. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಮೈಸೂರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತ ಬಂದಿದೆ. ಆ ಕಲೆ ಬೆರಳಿನವರ ಹೆಸರು ಹೇಳುವುದಿಲ್ಲ. ಈ ಬೆರಳು ಮತಗಟ್ಟೆಗೆ ಬಂದಿತ್ತು ಎಂದಷ್ಟೇ ಹೇಳುತ್ತದೆ, ಮತ್ತು ಅಷ್ಟನ್ನು ಗಟ್ಟಿಯಾಗಿ ಹೇಳುತ್ತದೆ. ಕಮಿಟ್‌ನ ಸಹಿಯೂ ಅಷ್ಟೇ: ಹೋದ ವರ್ಷದ ಆ ಕೆಲಸ, ನಿನ್ನೆಯ ಈ ಕೆಲಸ ಎರಡೂ ಒಂದೇ ಕೀಲಿಯಿಂದ ಬಂದವು. ಕೀಲಿ ಹಿಡಿದವರು ಯಾರೆಂದು ಬೇರೆ ದಾರಿಯಿಂದ ತಿಳಿಯಬೇಕು.

ಆ ಬೇರೆ ದಾರಿಯನ್ನು ಬಹಳ ಗಂಭೀರವಾಗಿ ಹಿಡಿದವರು, ಲಿನಕ್ಸ್ ಆಧಾರಿತ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಬಳಗದವರು. ಅಲ್ಲಿ ಡೆವಲಪರ್ ಆಗಬೇಕಾದರೆ ಈಗಾಗಲೇ ಇರುವ ಡೆವಲಪರುಗಳು ನಿಮ್ಮ ಕೀಲಿಗೆ ಸಹಿ ಹಾಕಿರಬೇಕು. ಅದಕ್ಕಾಗಿ ಮುಖತಃ ಭೇಟಿಯಾಗಿ, ಗುರುತಿನ ಚೀಟಿ ತೋರಿಸಿ, ಕೀಲಿಯ ಸಂಖ್ಯೆ ತಾಳೆ ನೋಡುವ ಪದ್ಧತಿ ದಶಕಗಳಿಂದ ನಡೆದಿದೆ. ಅವರ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ಫ್ 2023ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. ಆ ಪದ್ಧತಿಗೂ ಮಿತಿ ಇದೆ. 2006ರಲ್ಲಿ ಮೆಕ್ಸಿಕೊದಲ್ಲಿ ಸೇರಿದ್ದಾಗ ಒಬ್ಬ ಡೆವಲಪರ್ ಯಾವ ಸರ್ಕಾರವೂ ಕೊಡದ ಗುರುತಿನ ಚೀಟಿಯೊಂದನ್ನು ಬೇಕೆಂದೇ ತೋರಿಸಿ ನೋಡಿದರು. ಬಹಳಷ್ಟು ಮಂದಿ ಒಪ್ಪಿಬಿಟ್ಟರು.

ಒಂದು ಪದ ಕೊಟ್ಟು ನೋಡಿ

ಖಾತೆ ನಿಮ್ಮೆದುರಿನವರದೇ ಎಂದು ತಿಳಿಯಲು ಅತಿ ಸುಲಭದ ದಾರಿಗೆ ತಾಂತ್ರಿಕ ಜ್ಞಾನವೇ ಬೇಡ. ಸಂದರ್ಶನದ ನಡುವೆ ನೀವೇ ಒಂದು ಪದಗುಚ್ಛ ಕೊಡಿ. ‘ನಂಜನಗೂಡು ರಸಬಾಳೆ 47’ ಎನ್ನಿ. ಅದನ್ನು ಅವರ ಗಿಟ್‌ಹಬ್ ಖಾತೆಯ ಪರಿಚಯದ ಸಾಲಿನಲ್ಲೋ, ಗಿಸ್ಟ್ ಎಂಬ ತುಂಡುಬರಹದಲ್ಲೋ ಆಗಲೇ ಹಾಕಲು ಹೇಳಿ. ನೀವು ಪುಟವನ್ನು ಮತ್ತೆ ತೆರೆದಾಗ ಅದು ಕಂಡರೆ ಖಾತೆ ಅವರ ಕೈಯಲ್ಲಿದೆ. ಎರಡು ನಿಮಿಷದ ಕೆಲಸ. ನೋಡಿಯಾದ ಮೇಲೆ ಅಳಿಸಲಿ. 2014ರಲ್ಲಿ ಶುರುವಾದ ಕೀಬೇಸ್ ಎಂಬ ಸೇವೆ ಇದನ್ನೇ ಅಚ್ಚುಕಟ್ಟಾಗಿ ಮಾಡುತ್ತಿತ್ತು; ಸಹಿ ಹಾಕಿದ ಒಂದು ಬರಹವನ್ನು ಗಿಸ್ಟ್‌ನಲ್ಲಿ ಹಾಕಿಸಿ, ಈ ಕೀಲಿಯವರೂ ಈ ಖಾತೆಯವರೂ ಒಬ್ಬರೇ ಎಂದು ತೋರಿಸುತ್ತಿತ್ತು. 2020ರಲ್ಲಿ ಅದನ್ನು ಜೂಮ್ ಕಂಪನಿ ಕೊಂಡಿತು. ಸೇವೆಯ ಹೆಸರು ಯಾವುದಾದರೂ ಇರಲಿ, ತಂತ್ರ ನಿಮ್ಮದೇ ಆಗಿ ಉಳಿಯುತ್ತದೆ.

ಖಾತೆ ಅವರದಾದರೂ ಒಳಗಿನ ಕೆಲಸ ಅವರದೇ ಎಂದಾಗಲಿಲ್ಲ. ಅದಕ್ಕೆ ಸ್ಕ್ರೀನ್ ಹಂಚಿಕೊಂಡು, ಅವರದೇ ಕೋಡಿನ ಒಂದು ಭಾಗ ತೆರೆಸಿ, ‘ಇಲ್ಲಿ ಹೀಗೇಕೆ ಬರೆದಿರಿ, ಬೇರೆ ದಾರಿ ಏನಿತ್ತು’ ಎಂದು ಕೇಳಿ. ಒಂದು ಸಣ್ಣ ಬದಲಾವಣೆ ಹೇಳಿ ಎದುರಿನಲ್ಲೇ ಮಾಡಿಸಿ. ತಾವು ಬರೆದದ್ದನ್ನು ಆರು ತಿಂಗಳ ಮೇಲೆ ಮರೆತವರೂ ತಡವರಿಸುತ್ತಾರೆ, ಆದರೆ ಅವರು ಕಡತಗಳ ನಡುವೆ ಓಡಾಡುವ ರೀತಿಯೇ ಬೇರೆ. ಯಾವುದು ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದೆ. ಭಾಷೆ ಅಡ್ಡಿಯಾಗುವುದು ಬೇಡ; ಕನ್ನಡದಲ್ಲಿ ವಿವರಿಸಲು ಬಿಡಿ. ಇಂಗ್ಲಿಷಿನಲ್ಲಿ ತೊದಲುವ ಎಷ್ಟೋ ಮಕ್ಕಳು ಕನ್ನಡದಲ್ಲಿ ತಮ್ಮ ಕೋಡನ್ನು ಬಿಡಿಸಿಬಿಡಿಸಿ ಹೇಳುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ಸಾರ್ವಜನಿಕ ಕೆಲಸ ಏನನ್ನು ಹೇಳಲಾರದು ಎಂಬುದಕ್ಕೆ 2024ರ ಎಕ್ಸ್‌ಝೆಡ್ ಪ್ರಕರಣವನ್ನು ತಿಳಿದಿರಬೇಕು. ಎಕ್ಸ್‌ಝೆಡ್ ಎಂಬುದು ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತ ಕುಗ್ಗಿಸಲು ಬಳಸುವ ತಂತ್ರಾಂಶ. ಜಿಯಾ ಟಾನ್ ಎಂಬ ಹೆಸರಿನ ಖಾತೆ 2021ರಲ್ಲಿ ತೆರೆದು, ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ತಿದ್ದುಪಡಿಗಳನ್ನು ಕಳಿಸುತ್ತ, ದಣಿದಿದ್ದ ಒಬ್ಬಂಟಿ ನಿರ್ವಾಹಕರ ವಿಶ್ವಾಸ ಗಳಿಸಿ, ಯೋಜನೆಯ ಜವಾಬ್ದಾರಿಯನ್ನೇ ಪಡೆಯಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಆ ಖಾತೆಯ ಕೆಲಸ ನಿಜವಾದದ್ದು, ಬೇರೆಯವರು ಒಪ್ಪಿಕೊಂಡದ್ದು, ಉತ್ತರಗಳು ಸೌಜನ್ಯದವು. ಆದರೂ ಅದರ ಹಿಂದಿನ ಮನುಷ್ಯರನ್ನು ಯಾರೂ ನೋಡಿರಲಿಲ್ಲ. ಕೆಲಸದ ಗುಣವನ್ನು ಗಿಟ್‌ಹಬ್‌ನಲ್ಲಿ ಅಳೆಯಬಹುದು, ಕೀಲಿಕೈ ಕೊಡಬೇಕಾದರೆ ಆಳನ್ನು ಕಂಡಿರಬೇಕು. ಗೋಕುಲಂನ ಸಣ್ಣ ಕಂಪನಿಗೆ ಇದು ದೂರದ ಮಾತಲ್ಲ. ಗ್ರಾಹಕರ ದತ್ತಾಂಶ ಮುಟ್ಟುವ ಕೆಲಸಕ್ಕೆ ತೆಗೆದುಕೊಳ್ಳುವಾಗ ಒಮ್ಮೆ ಎದುರು ಕೂತು ಕಾಫಿ ಕುಡಿಯಿರಿ. ಮೈಸೂರಿನಲ್ಲಿ ಅದಕ್ಕೆ ಬಸ್ ಚಾರ್ಜಿಗಿಂತ ಹೆಚ್ಚು ಖರ್ಚಾಗದು.

ಮಕ್ಕಳು ಮೋಸ ಹೋಗುವ ದಾರಿ

ಪರಿಶೀಲನೆ ಎಂದರೆ ಕಂಪನಿಗಳೇ ಮಾಡುವುದು ಎಂದುಕೊಂಡಿದ್ದೇವೆ. ಕೆಲಸ ಹುಡುಕುವವರು ಎದುರಿನವರನ್ನು ಪರಿಶೀಲಿಸುವುದು ಇವತ್ತು ಅದಕ್ಕಿಂತ ತುರ್ತು.

ಲಿಂಕ್ಡ್‌ಇನ್‌ನಲ್ಲಿ ಯಾರೋ ನೇಮಕಾತಿಯವರೆಂದು ಬರುತ್ತಾರೆ. ಒಳ್ಳೆಯ ಸಂಬಳ, ಮನೆಯಿಂದಲೇ ಕೆಲಸ. ಮೊದಲ ಸುತ್ತಿಗೆ ಒಂದು ಗಿಟ್‌ಹಬ್ ಯೋಜನೆ ಕಳಿಸಿ, ‘ಇಳಿಸಿಕೊಂಡು ಓಡಿಸಿ, ದೋಷ ಸರಿಮಾಡಿ’ ಎನ್ನುತ್ತಾರೆ. ಓಡಿಸಿದ ಕ್ಷಣವೇ ಅದರೊಳಗೆ ಬಚ್ಚಿಟ್ಟ ಕೋಡ್ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಕ್ರಿಪ್ಟೊ ವಾಲೆಟ್ ಎಲ್ಲವನ್ನೂ ಕದ್ದು ಕಳಿಸುತ್ತದೆ. ಉತ್ತರ ಕೊರಿಯಾದ ಗುಂಪುಗಳು ನಡೆಸುವ ಈ ಮೋಸವನ್ನು ಭದ್ರತಾ ಸಂಶೋಧಕರು 2023ರ ನವೆಂಬರಿನಲ್ಲಿ ‘ಕಂಟೇಜಿಯಸ್ ಇಂಟರ್‌ವ್ಯೂ’ ಎಂಬ ಹೆಸರಿನಲ್ಲಿ ಬಯಲಿಗೆ ತಂದರು. ಆದ್ದರಿಂದ ಪರಿಚಯವಿಲ್ಲದವರ ಯೋಜನೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಲೇಬೇಡಿ. ಬ್ಯಾಂಕಿಂಗ್ ಮಾಡುವ ಮನೆಯ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಂಥ ಕ್ಲೌಡ್ ಕಂಪ್ಯೂಟರಿನಲ್ಲಿ ಓಡಿಸಿ. ಅದಕ್ಕೂ ಮೊದಲು ಕೋಡ್ ಕಳಿಸಿದ ಖಾತೆ ಯಾವಾಗ ತೆರೆದದ್ದು, ಕಂಪನಿಯ ಅಧಿಕೃತ ಗಿಟ್‌ಹಬ್ ಪುಟದಲ್ಲಿ ಅವರ ಹೆಸರಿದೆಯೇ, ಕಂಪನಿಯ ಸ್ವಂತ ವಿಳಾಸದಿಂದ ಮೇಲ್ ಬರೆಯಬಲ್ಲರೇ ನೋಡಿ. ಮೇಲೆ ಹೇಳಿದ ಪದ ಕೊಡುವ ತಂತ್ರವನ್ನು ನೀವೂ ಅವರ ಮೇಲೆ ಪ್ರಯೋಗಿಸಬಹುದು. ಸಿಟ್ಟು ಮಾಡಿಕೊಂಡು ಹೋದರೆ ಒಳ್ಳೆಯದೇ ಆಯಿತು.

ಇನ್ನೊಂದು ಆಮಿಷ ಇದಕ್ಕಿಂತ ನಯವಾದದ್ದು: ‘ನಿಮ್ಮ ಖಾತೆಯನ್ನು ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ. ನೀವು ಏನೂ ಮಾಡಬೇಕಿಲ್ಲ, ಸಂದರ್ಶನಕ್ಕೆ ಮುಖ ತೋರಿಸಿದರೆ ಸಾಕು.’ ಉತ್ತರ ಕೊರಿಯಾದ ಐಟಿ ಕೆಲಸಗಾರರು ಹೀಗೆ ಬೇರೆಯವರ ಹೆಸರಿನಲ್ಲಿ ಕೆಲಸ ಗಿಟ್ಟಿಸುತ್ತಾರೆಂದು ಅಮೆರಿಕ ಸರ್ಕಾರ 2022ರ ಮೇ ತಿಂಗಳಲ್ಲೇ ಎಚ್ಚರಿಸಿತ್ತು. 2024ರಲ್ಲಿ ಸೈಬರ್ ಭದ್ರತೆಯ ತರಬೇತಿ ಕೊಡುವ ನೋ-ಬಿ-ಫೋರ್ ಎಂಬ ಅಮೆರಿಕದ ಕಂಪನಿಯೇ ಅಂಥ ಒಬ್ಬನನ್ನು ನೇಮಿಸಿಕೊಂಡಿದ್ದಾಗಿ ಹೇಳಿಕೊಂಡಿತು. ಖಾತೆ ಬಾಡಿಗೆಗೆ ಕೊಟ್ಟರೆ ಅಲ್ಲಿ ನಡೆಯುವುದಕ್ಕೆಲ್ಲ ನಿಮ್ಮ ಹೆಸರೇ ಗುರುತು. ಬೇರೊಬ್ಬರ ಪಾಸ್‌ವರ್ಡು, ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸುವುದು, ಕಂಪ್ಯೂಟರ್ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳಡಿ ಅಪರಾಧ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ದೂರು ದಾಖಲಿಸಿ. ಮೈಸೂರು ನಗರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ.

ನಿಮ್ಮ ಹೆಜ್ಜೆಗುರುತು ಎಲ್ಲಿ ಬೀಳಲಿ

ಓದುವ ಮಕ್ಕಳು ಕೇಳುವ ಪ್ರಶ್ನೆ ಇದು: ಎಲ್ಲಿಂದ ಶುರುಮಾಡುವುದು? ಎಲ್ಲಿಂದ ಮಾಡಬಾರದು ಎಂಬುದನ್ನು ಮೊದಲು ಹೇಳುತ್ತೇನೆ. 2020ರ ಅಕ್ಟೋಬರಿನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ-ಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ನಡೆದಾಗ, ಪರಿಚಯ ಕಡತಕ್ಕೆ ಒಂದು ಪದ ಸೇರಿಸಿ ಕಳಿಸುವವರ ಕಾಟಕ್ಕೆ ಯೋಜನೆಗಳ ನಿರ್ವಾಹಕರು ರೋಸಿಹೋದರು. ಆ ವರ್ಷ ಅಕ್ಟೋಬರ್ ಆರಂಭದಲ್ಲೇ ಆಯೋಜಕರು ನಿಯಮ ಬದಲಿಸಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ವೆಬ್ ತಂತ್ರಾಂಶದ ಯೋಜನೆಗೆ, ಒಂದು ಪಾಠದ ವಿಡಿಯೊ ನೋಡಿ, ತಮ್ಮ ಹೆಸರು ಸೇರಿಸಿ ಕಳಿಸುವವರ ಸಾಲೇ ಹತ್ತಿತು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೇ ಹೆಚ್ಚು. ಅಂಥ ಪುಲ್ ರಿಕ್ವೆಸ್ಟ್ ಅಳಿಸಿಹೋಗುವುದಿಲ್ಲ; ನಾಳೆ ಕೆಲಸ ಕೊಡುವವರು ತೆರೆದಾಗ ಅದೂ ಕಾಣುತ್ತದೆ.

ಒಳ್ಳೆಯ ಆರಂಭ ನೀವು ದಿನವೂ ಬಳಸುವುದರಲ್ಲಿದೆ, ಮತ್ತು ಕನ್ನಡದವರಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಬಂತು. ಅದರ ಒಂದೂವರೆ ಲಕ್ಷ ಪದಗಳ ದತ್ತಾಂಶ ಗಿಟ್‌ಹಬ್‌ನಲ್ಲಿದೆ. ಅದನ್ನು ಬಳಸಿ ಒಂದು ಪದಹುಡುಕುವ ಸಾಧನ ಕಟ್ಟಬಹುದು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಅಕ್ಷರವಿನ್ಯಾಸಗಳು ಉಬುಂಟುವಿನಲ್ಲೂ ಸಿಗುತ್ತವೆ. ಫೈರ್‌ಫಾಕ್ಸ್, ವಿಕಿಪೀಡಿಯ, ಗ್ನೋಮ್‌ನಂಥವು ಕನ್ನಡ ಅನುವಾದಕರನ್ನು ಕೈಬೀಸಿ ಕರೆಯುತ್ತಿವೆ. ಒತ್ತಕ್ಷರ ಎಲ್ಲಿ ಮುರಿಯುತ್ತದೆ, ಅಕಾರಾದಿ ಎಲ್ಲಿ ತಪ್ಪುತ್ತದೆ ಎಂಬುದು ಕನ್ನಡ ಓದುವವರ ಕಣ್ಣಿಗೇ ಬೀಳಬೇಕು. ಅಂಥ ಒಂದು ದೋಷವನ್ನು ಸ್ಕ್ರೀನ್‌ಶಾಟ್ ಸಮೇತ, ಯಾವ ಆವೃತ್ತಿಯಲ್ಲಿ ಏನು ಮಾಡಿದಾಗ ಆಯಿತೆಂದು ಬರೆದು ತಿಳಿಸಿದರೆ, ಅದು ನಿಮ್ಮ ಹೆಸರಿನಲ್ಲಿ ಉಳಿಯುವ ಅಪ್ಪಟ ಸಾಕ್ಷಿ. ಒಂದು ಸಾಲು ಕೋಡ್ ಬರೆದಿರದಿದ್ದರೂ ಸರಿ.

ಕೆಲಸ ಕೊಡುವವರಿಗೆ ಇಲ್ಲೇ ಒಂದು ವಿನಂತಿ. ಗಿಟ್‌ಹಬ್‌ನಲ್ಲಿ ಏನೂ ಇಲ್ಲದವರನ್ನು ಅದೊಂದೇ ಕಾರಣಕ್ಕೆ ಬದಿಗೆ ಸರಿಸಬೇಡಿ. ಇನ್ಫೊಸಿಸ್‌ನಂಥ ಕಂಪನಿಯಲ್ಲಿ ಹತ್ತು ವರ್ಷ ದುಡಿದವರ ಕೋಡೆಲ್ಲ ಗ್ರಾಹಕರ ಬೀಗದೊಳಗಿರುತ್ತದೆ, ಹೊರಗೆ ಒಂದು ಚೌಕವೂ ಹಸಿರಾಗಿರುವುದಿಲ್ಲ. ಸಂಜೆ ಮನೆಗೆ ಬಂದು ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವ ಹೆಣ್ಣುಮಗಳಿಗೆ ಪುಕ್ಕಟೆ ಕೋಡ್ ಬರೆಯುವ ಬಿಡುವು ಎಲ್ಲಿಂದ ಬರಬೇಕು? ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ಇಂಟರ್‌ನೆಟ್ ಕಂಡ ಪಿರಿಯಾಪಟ್ಟಣದ, ಎಚ್.ಡಿ. ಕೋಟೆಯ ಹುಡುಗನಿಗೂ ಅಷ್ಟೆ. ಅವರಿಗೆ ಎರಡು ಗಂಟೆಯ ಒಂದು ಕೆಲಸ ಕೊಟ್ಟು, ಕೂಲಿ ಕೊಟ್ಟು, ಎದುರಿನಲ್ಲಿ ಮಾಡಿಸಿ.

ಕೊನೆಯದಾಗಿ ಜೋಪಾನದ ವಿಷಯ. ಕಮಿಟ್‌ನಲ್ಲಿ ಹಾಕಿದ ಇ-ಮೇಲ್ ಜಗತ್ತಿಗೆಲ್ಲ ಕಾಣುತ್ತದೆ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಇ-ಮೇಲ್ ವಿಭಾಗಕ್ಕೆ ಹೋಗಿ ವಿಳಾಸವನ್ನು ಗುಟ್ಟಾಗಿಡುವ ಆಯ್ಕೆ ಹಾಕಿಕೊಂಡರೆ ‘ನೋರಿಪ್ಲೈ’ ಎಂಬ ಬದಲಿ ವಿಳಾಸ ಸಿಗುತ್ತದೆ. ಗಿಟ್‌ನಲ್ಲಿ ಅದನ್ನೇ ಬರೆಯಿರಿ. ಅಪರಿಚಿತರ ಮೆಸೇಜುಗಳಿಂದ ಬೇಸತ್ತ ಹುಡುಗಿಯರು ಇದನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ಕಮಿಟ್‌ಗಳ ವೇಳೆ ನೋಡಿ ನೀವು ಎಷ್ಟು ಹೊತ್ತಿಗೆ ಎಚ್ಚರವಿರುತ್ತೀರಿ ಎಂದು ಯಾರಾದರೂ ಹೇಳಬಲ್ಲರು ಎಂಬುದೂ ಮನಸ್ಸಿನಲ್ಲಿರಲಿ. ಪಾಸ್‌ವರ್ಡು, ಎಪಿಐ ಕೀಲಿ ಕಣ್ತಪ್ಪಿ ಏರಿಸಿದ್ದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಲದು, ಹಳೆಯ ದಾಖಲೆಯಲ್ಲಿ ಉಳಿದಿರುತ್ತದೆ. ಆ ಕೀಲಿಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ. ಎರಡು ಹಂತದ ಲಾಗಿನ್‌ನ ರಿಕವರಿ ಕೋಡುಗಳನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಜೊತೆ ಇಡಿ. ಕಾಲೇಜಿನ ಇ-ಮೇಲ್‌ನಲ್ಲಿ ಖಾತೆ ತೆರೆದವರು ಕೊನೆಯ ಸೆಮಿಸ್ಟರ್ ಮುಗಿಯುವ ಮುಂಚೆ ಸ್ವಂತ ವಿಳಾಸವನ್ನು ಸೇರಿಸಿ ಅದನ್ನೇ ಮುಖ್ಯ ವಿಳಾಸವಾಗಿಸಿಕೊಳ್ಳಿ. ಖಾತೆಯ ಹೆಸರು ಬದಲಿಸುವಾಗ ಎಚ್ಚರ. ನೀವು ಬಿಟ್ಟ ಹೆಸರನ್ನು ಬೇರೆಯವರು ತೆಗೆದುಕೊಳ್ಳಬಹುದು. ಆಗ ನೀವು ಹಿಂದೆ ಹತ್ತು ಕಡೆ ಕೊಟ್ಟ ರೆಸ್ಯೂಮೆಯಲ್ಲಿರುವ ಕೊಂಡಿ ಅವರ ಪುಟ ತೆರೆಯುತ್ತದೆ. ಬದಲಿಸಲೇಬೇಕಾದರೆ ಅರ್ಜಿ ಹಾಕಿದ ಕಡೆಗೆಲ್ಲ ಹೊಸ ವಿಳಾಸವನ್ನು ಅದೇ ದಿನ ಬರೆದು ತಿಳಿಸಿ.